ಜ್ವರದ ವರ್ಷದ ಕೂಸು

ನಮ್ಮ ಊರಿಗೆ ಎರಡು ಹೆಸರು. ನಾವು ಹಿರೋಡೆ ಅನ್ನುತ್ತೇವೆ, ರೈಲ್ವೆ ಸ್ಟೇಷನ್ನಿನ ಹಲಗೆ ಫ್ರೆಂಚ್ ರಾಕ್ಸ್ ಅನ್ನುತ್ತದೆ. ಟಿಪ್ಪುವಿನ ಕಾಲಕ್ಕೆ ಫ್ರೆಂಚರು ಬಂಡೆಗಳ ಬುಡದಲ್ಲಿ ಡೇರೆ ಹಾಕಿದ್ದರಂತೆ, ಆಮೇಲೆ ಇಂಗ್ಲಿಷರ ದಂಡು ಬಂದು ಕೂತಿತಂತೆ. ಅವರೆಲ್ಲ ಹೋಗಿ ಎಷ್ಟು ಕಾಲವಾಯಿತೋ, ಹಲಗೆಯ ಮೇಲಿನ ಹೆಸರು ಮಾತ್ರ ಹೋಗಲಿಲ್ಲ. ಹೋಗದೆ ಉಳಿದದ್ದು ಇನ್ನೊಂದಿದೆ, ಊರಾಚೆಯ ಇಂಗ್ಲಿಷ್ ದೊರೆಗಳ ಗೋರಿಗಳು. ನಮಗೆ ಅದು ಹುಲ್ಲು ಚೆನ್ನಾಗಿ ಬೆಳೆಯುವ ಜಾಗ. ಯಾರ ಗೋರಿ, ಏನಾಗಿ ಸತ್ತರು ಎಂದು ಕೇಳುವ ಪುರುಸೊತ್ತು ಯಾರಿಗಿತ್ತು?

ಪುರುಸೊತ್ತು ಇದ್ದವರು ದೇವಯ್ಯ ಮೇಷ್ಟ್ರು ಒಬ್ಬರೇ. ಸ್ಕೂಲು ಬಿಟ್ಟ ಮೇಲೆ ಮನೆಮನೆಗೂ ಹೋಗಿ, ಮುದುಕರ ಮುಂದೆ ಕೂತು, ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಿದ್ದರು. ಊರಿನ ಚರಿತ್ರೆ ಬರೆಯುತ್ತಾರಂತೆ. ನಾವು ನಕ್ಕೆವು. ಹಿರೋಡೆಗೆಂಥ ಚರಿತ್ರೆ, ಕೋಳಿಗೆಂಥ ಕುಲಗೋತ್ರ ಅಂದೆವು. ಆದರೆ ಮೂವತ್ತೊಂಬತ್ತನೇ ಇಸವಿಯ ಸುಗ್ಗಿಯಲ್ಲಿ ನಮ್ಮ ಬೀದಿಯ ಕೆಂಪಣ್ಣನ ಮನೆಯಲ್ಲಿ ಆದದ್ದನ್ನು ಕಣ್ಣಾರೆ ಕಂಡವರಿಗೆ ಈಗ ನಗು ಬರುವುದಿಲ್ಲ.

ಕೆಂಪಣ್ಣನದು ತುಂಬಿದ ಮನೆಯೇನಲ್ಲ. ತಾಯಿ ಬೈರಮ್ಮ, ಎಪ್ಪತ್ತು ದಾಟಿದ್ದರೂ ಮನೆಯ ಬೀಗದ ಕೈ ಅವಳ ಸೊಂಟದಲ್ಲೇ. ಎರಡನೇ ಹೆಂಡತಿ ಬೆಟ್ಟಮ್ಮ, ಬಾಯಿ ಜೋರು, ಕೈ ಅದಕ್ಕಿಂತ ಜೋರು, ಮಕ್ಕಳಾಗಲಿಲ್ಲ. ಮೊದಲ ಹೆಂಡತಿ ಇನ್‌ಫ್ಲುಯೆಂಜಾ ಜ್ವರದಲ್ಲಿ ಹೋದಾಗ ಬಿಟ್ಟುಹೋದ ಕೂಸೇ ಚಿಕ್ಕಸ್ವಾಮಿ, ಈಗ ಇಪ್ಪತ್ತರ ಹುಡುಗ. ಆ ಕೂಸನ್ನು ಎತ್ತಿ ಸಾಕಿದವಳು ಕೆಂಪಣ್ಣನ ತಂಗಿ ಮಂಚಮ್ಮ. ನಾಗಮಂಗಲದ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಚಿಕ್ಕಸ್ವಾಮಿ ಬೆಟ್ಟಮ್ಮನನ್ನು ಚಿಕ್ಕವ್ವ ಅನ್ನುತ್ತಿದ್ದ, ಮಂಚಮ್ಮನನ್ನು ಅವ್ವ ಅನ್ನುತ್ತಿದ್ದ. ಸೋದರತ್ತೆಯನ್ನು ಅವ್ವ ಅಂತೀಯಲ್ಲೋ ಎಂದು ನಾವು ರೇಗಿಸಿದರೆ, "ನಿಮ್ಗೇನ್ ಕಷ್ಟ?" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ.

ಸಂಕ್ರಾಂತಿ ಮುಗಿದ ವಾರ ಮಂಚಮ್ಮ ಗೋರಿಗಳ ಹತ್ತಿರ ಹುಲ್ಲು ಕೊಯ್ಯುತ್ತಿದ್ದಳು. ಮೇಷ್ಟ್ರು ಒಂದು ಪುಟ್ಟ ಕಲ್ಲಿನ ಪಾಚಿ ಕೆರೆದು ಓದುತ್ತಿದ್ದರು.

"ಅದ್ಯಾಕ್ ಮೇಷ್ಟ್ರೇ ಆ ಕಲ್ಲು ಅಷ್ಟು ಚಿಕ್ದು?" ಎಂದು ಕೇಳಿದಳು.

"ಕೂಸಿನದು ತಾಯಿ. ಎಲ್ಲೆನ್ ಅಂತ ಹೆಸರು. ಮೂರು ತಿಂಗಳ ಮಗು."

"ಮೂರ್ ತಿಂಗ್ಳ ಕೂಸ್ಗೂ ಕಲ್ಲು ನೆಡ್ತಾರಾ?"

"ನೆಟ್ಟಿದ್ದಾರಲ್ಲ. ನೂರು ವರ್ಷದ ಮೇಲಾಯ್ತು. ಇಂಥವರ ಮಗಳು, ಇಂಥ ದಿನ ಹೋಯ್ತು ಅಂತ ಬರೆಸಿದ್ದಾರೆ."

ಮಂಚಮ್ಮ ಕುಡುಗೋಲು ಕೆಳಗಿಟ್ಟು ಕಲ್ಲಿನ ಹತ್ತಿರ ಕೂತಳು. ಬಹಳ ಹೊತ್ತು ಕೂತಳಂತೆ. ಅವತ್ತು ಅರ್ಧ ಹೊರೆ ಹುಲ್ಲು ಮಾತ್ರ ಮನೆಗೆ ಬಂದದ್ದಕ್ಕೆ ಬೆಟ್ಟಮ್ಮ ಗೊಣಗಿದಳು.

ಊಟಕ್ಕೆ ಕೂತಾಗ ಮಂಚಮ್ಮ ಅಣ್ಣನ ತಟ್ಟೆಗೆ ಮುದ್ದೆ ಹಾಕಿ, ಅವರೆಕಾಳಿನ ಸಾರು ಬಿಟ್ಟು, ಅಲ್ಲೇ ನಿಂತಳು.

"ಅಣ್ಣ, ಈ ಸುಗ್ಗಿಗೆ ಎಳವಯ್ಯ ಬತ್ತಾನಲ್ವಾ?"

ಹೆಳವಯ್ಯ ಅಂದರೆ ನಮ್ಮ ಕಡೆಯ ವಂಶ ಹೇಳುವವನು. ಕೆಲವು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕೂತು ಬರುತ್ತಾನೆ. ಅಂಗಳದಲ್ಲಿ ಎತ್ತು ನಿಲ್ಲಿಸಿ, ಈ ಮನೆಯ ಮೂಲಪುರುಷ ಎಲ್ಲಿಂದ ಬಂದ, ಅವನಿಗೆ ಯಾರು ಹುಟ್ಟಿದರು, ಅವರಿಗೆ ಯಾರು ಹುಟ್ಟಿದರು ಎಂದು ಇವತ್ತಿನ ತನಕ ಬಾಯಲ್ಲೇ ಹೇಳಿ, ರಾಗಿ ಇಸಕೊಂಡು ಹೋಗುತ್ತಾನೆ. ಅವನ ಬಾಯಲ್ಲಿ ಇದ್ದವರು ಮನೆತನದಲ್ಲಿ ಇದ್ದವರು. ಅವನ ಬಾಯಲ್ಲಿ ಇಲ್ಲದವರು ಇದ್ದರೂ ಇಲ್ಲದವರೇ.

"ಬತ್ತಾನೆ, ಏನೀಗ?" ಅಂದ ಕೆಂಪಣ್ಣ.

"ನನ್ ಕೂಸಿನ ಮಾತೂ ಒಂದ್ ಏಳ್ಸಣ್ಣ. ಇತ್ತು ಅಂತ ಏಳುದ್ರೆ ಸಾಕು."

ಕೆಂಪಣ್ಣ ಮುದ್ದೆ ಮುರಿದ ಕೈಯನ್ನು ಹಾಗೇ ಹಿಡಿದ. "ನಿಂಗೇನ್ ಗಾಳಿಗೀಳಿ ಬಡೀತಾ? ಎಣ್ಮಕ್ಕಳನ್ನೇ ಏಳಕಿಲ್ಲ ಅವ್ನು. ಸತ್ತ ಎಣ್ಗೂಸ ಏಳ್ತಾನಾ? ಅದೂ ಈ ಸಲ ಸಂತೆಬಾಚಹಳ್ಳಿ ಬೀಗರು ಬಂದು ಕೂತಿರ್ತಾರೆ ಕೇಳೋಕೆ."

"ಶುಭದ್ ಮನೇಲಿ ಸತ್ತೋದ್ದನ್ನ ಯಾಕ್ ಎತ್ತೀಯ ಮಂಚವ್ವ," ಅಂದಳು ಬೆಟ್ಟಮ್ಮ. "ಉಡ್ಗನ ಮದ್ವೆ ಒಂದು ಆಗ್ಲಿ ಸುಮ್ನಿರು."

ಮಂಚಮ್ಮ ಮಿಕ್ಕವರಿಗೆ ಮುದ್ದೆ ಬಡಿಸಿದಳು. ಸುಮ್ಮನಾಗುವುದು ಅವಳಿಗೆ ರೂಢಿ. ಚಿಕ್ಕಸ್ವಾಮಿ ಮಾತ್ರ ಅವಳ ಮುಖ ನೋಡುತ್ತಾ ಉಂಡ. ಅವ್ವನಿಗೊಂದು ಕೂಸಿತ್ತು, ಜ್ವರದಲ್ಲಿ ಹೋಯಿತು ಎಂಬಷ್ಟು ಅವನಿಗೆ ಗೊತ್ತಿತ್ತು. ಆ ವರ್ಷ ಯಾರ ಮನೆಯಲ್ಲಿ ಹೋಗಲಿಲ್ಲ? ಮಿಕ್ಕದ್ದು ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ. ನಾವು ಬಾಯಿಬಡುಕರು ನಿಜ, ಆದರೆ ಅದೊಂದನ್ನು ಅವನ ಮುಂದೆ ಯಾರೂ ಆಡಿರಲಿಲ್ಲ.

ಆಡಿದವಳು ಬೈರಮ್ಮನೇ. ಮುಂದಿನ ವಾರ ಮೇಷ್ಟ್ರು ಅವರ ಜಗಲಿಗೆ ಬಂದರು. ಬೈರಮ್ಮ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಚಿಕ್ಕಸ್ವಾಮಿ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಮೇಷ್ಟ್ರು ಜ್ವರದ ವರ್ಷದ ಮಾತು ತೆಗೆದರು. ಮುದುಕಿಗೆ ಕೇಳುವವರು ಸಿಕ್ಕಿದ್ದೇ ಸಾಕಾಯಿತು.

"ಏನ್ ಕೇಳ್ತೀರಿ ಮೇಷ್ಟ್ರೇ. ಎಣ ಒರೋಕೆ ಜನ ಇರ್ನಿಲ್ಲ. ಗಾಡೀಲಿ ಏರ್ಕೊಂಡ್ ಓಗೋರು. ಈ ಮನೇಲಿ ನನ್ ಗಂಡ ಓದ, ಸೊಸೆ ಓದ್ಲು. ನೀರ್ ಕೊಡೋಕೂ ಒಬ್ರು ನೆಟ್ಟಗಿರ್ನಿಲ್ಲ. ಅಸೀನ ಆಲೂ ಬತ್ತೋಗಿತ್ತು. ಎರಡ್ ಕೂಸು, ಇವ್ನೊಂದು, ಮಂಚೀದೊಂದು. ಎದೆಹಾಲು ಇದ್ದೋಳು ಮಂಚಿ ಒಬ್ಳೇ. ಅವ್ಳಿಗೂ ಜ್ವರ, ಆಲು ಎಲ್ಲಿಂದ ಬರ್ಬೇಕು? ಒಂದ್ಕಾಗೋಷ್ಟೇ."

"ಆಮೇಲೆ?"

"ನಾನೇ ಏಳ್ದೆ. ಲೇ ಮಂಚಿ, ಎಣ್ಗೂಸು ಇನ್ನೊಂದು ಉಟ್ಕೊತದೆ, ಈ ಮನೆ ದೀಪ ಆರೋದ್ರೆ ಅಚ್ಚೋರಿಲ್ಲ, ಅಣ್ಣನ ಮಗೀಗೆ ಮೊದ್ಲು ಕೊಡು ಅಂದೆ. ಎಣ್ಗೂಸ್ಗೆ ಅಂಬ್ಲಿ ತಿಳಿ ಉಯ್ದೆ ನಾನೇ. ತಡೀನಿಲ್ಲ ಅದು. ಏನ್ ಮಾಡೋದು? ನಾನಲ್ದೆ ಬ್ಯಾರೆಯೋರಾಗಿದ್ರೆ ಈ ಮನೆ ಅವತ್ತೇ ಪಾಳು ಬೀಳೋದು. ಬರ್ಕಳಿ ಅದ್ನ."

ಮೇಷ್ಟ್ರು ಏನೂ ಬರೆದುಕೊಳ್ಳಲಿಲ್ಲ. ಅವರು ನೋಡುತ್ತಿದ್ದದ್ದು ಅಂಗಳದಿಂದ ಎದ್ದು ಬಂದು ಮುದುಕಿಯ ಹಿಂದೆ ನಿಂತಿದ್ದ ಹುಡುಗನನ್ನು. ಹಗ್ಗ ಅವನ ಕೈಯಿಂದ ಬಿಚ್ಚಿಕೊಂಡು ನೆಲಕ್ಕೆ ಬಿದ್ದಿತ್ತು.

ಮಂಚಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಚಿಕ್ಕಸ್ವಾಮಿ ಹೋಗಿ ಎದುರಿಗೆ ನಿಂತ.

"ಅವ್ವ, ಅಜ್ಜಿ ಏಳಿದ್ದು ದಿಟ್ವಾ?"

"ಏನ್ ಏಳುದ್ಲು?"

"ನಿನ್ ಕೂಸಿನ ಪಾಲು ನಾನ್ ಕುಡ್ದೆ ಅಂತ."

ಮಂಚಮ್ಮ ಕರೆಯುವುದನ್ನು ನಿಲ್ಲಿಸಲಿಲ್ಲ. "ನೀನು ಕೂಸು ಕಣ್ಮಗ. ನಿಂಗೇನ್ ಗೊತ್ತು?"

"ದಿಟ್ವಾ ಸುಳ್ಳಾ ಏಳು."

"ದಿಟ."

"ಅದ್ಕೇ ನಿನ್ ಗಂಡನ ಮನೆಯೋರು ಬುಟ್ರಾ?"

"ಬಂದ್ರು, ಖಾಲಿ ತೊಟ್ಲು ನೋಡುದ್ರು, ನೀನು ನನ್ ತೊಡೆ ಮ್ಯಾಲಿದ್ದೆ. ನಿಮ್ಮಣ್ಣನ ಮನೇನೇ ಬೆಳಗು ಅಂದ್ಬುಟ್ಟು ಓದ್ರು. ಅವ್ರ್ದೇನು ತಪ್ಪು? ಅತ್ಲಾಗ್ ಸರ್ಕೊ, ಅಸ ಬೆದರ್ತದೆ."

ಅವನು ಸರಿದ. ಅವತ್ತಿನಿಂದ ಆ ಮನೆಯ ಊಟ ಕೆಟ್ಟಿತು. ಚಿಕ್ಕಸ್ವಾಮಿ ಹಾಲು ಮುಟ್ಟುವುದನ್ನು ಬಿಟ್ಟ, ಮೊಸರು ಬಿಟ್ಟ, ಮಜ್ಜಿಗೆ ಸಹ ಬಿಟ್ಟ. ಉಪ್ಸಾರಿನಲ್ಲಿ ಮುದ್ದೆ ಅದ್ದಿಕೊಂಡು ನುಂಗಿ ಎದ್ದುಬಿಡುತ್ತಿದ್ದ. ಅಜ್ಜಿ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಬೈರಮ್ಮನಿಗೆ ಮೊದಲು ಸಿಟ್ಟು ಬಂತು.

"ಏನ್ಲಾ, ಬದುಕ್ಸಿದ್ದು ತಪ್ಪಾ? ನಾನು ಅಂಗ್ ಏಳ್ದೆ ಓಗಿದ್ರೆ ನೀನಿರ್ತಿದ್ದಾ ಇವತ್ತು ಮೂತಿ ತಿರುಗ್ಸೋಕೆ?"

"ಇರ್ದೆ ಓಗಿದ್ರೆ ಚೆನ್ನಾಗಿತ್ತು."

"ಅನ್ಬೇಡ ಅಂಗೆ," ಎಂದು ಮಂಚಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಅವಳು ಆ ಮನೆಯಲ್ಲಿ ದನಿ ಎತ್ತಿದ್ದನ್ನು ಬೀದಿಯವರು ಕೇಳಿದ್ದು ಅದೊಂದೇ ಸಲ. "ಇನ್ನೊಂದ್ ಸಲ ಆ ಮಾತಾಡುದ್ರೆ ನಾನು ಈ ಮನೇಲಿರಕಿಲ್ಲ. ಅದು ಓಗಿದ್ದು ಯಾತಕ್ಕೆ ಅಂದ್ಕಂಡಿದ್ದೀಯ? ನೀನು ಇಂಗ್ ಅನ್ಲಿ ಅಂತ್ಲಾ?"

ಆಮೇಲೆ ಅವನು ಹಾಗೆ ಅನ್ನಲಿಲ್ಲ. ಆದರೆ ಕಣದಲ್ಲಿ ರಾಗಿ ಒಕ್ಕುವಾಗ ಅಪ್ಪನ ಮುಂದೆ ನಿಂತು ಹೇಳಿದ, "ಅಪ್ಪ, ಎಳವಯ್ಯ ಅವ್ವನ ಕೂಸಿನ ಮಾತು ಏಳ್ಬೇಕು. ಇಲ್ದಿದ್ರೆ ನಾನ್ ಅಸೆಮಣೆ ಮ್ಯಾಲೆ ಕೂರಕಿಲ್ಲ."

"ಎದ್ರಿಸ್ತೀಯೇನ್ಲಾ?"

"ಎದ್ರಿಸ್ತಿಲ್ಲ. ಕೇಳ್ಕತಾವ್ನಿ."

ಕೆಂಪಣ್ಣ ಕಣದ ಕಲ್ಲುಗುಂಡನ್ನು ಎಳೆಯುವ ಎತ್ತುಗಳ ಹಗ್ಗ ಬಿಟ್ಟು ಕೂತುಬಿಟ್ಟ. ಕೆಟ್ಟ ಮನುಷ್ಯನಲ್ಲ ಅವನು. ಇಪ್ಪತ್ತು ವರ್ಷ ತಂಗಿಗೆ ಒಂದು ಸೀರೆ ಕಡಿಮೆ ಮಾಡಿದವನಲ್ಲ. "ನಾನೇನ್ ಮಾಡ್ಲಿ ಮಗ," ಅಂದ. "ಅವತ್ತು ನಾನೂ ಜ್ವರದಲ್ಲಿ ಬಿದ್ದಿದ್ದೆ. ಎದ್ದು ನೋಡುದ್ರೆ ನೀನಿದ್ದೆ, ಅದಿರ್ನಿಲ್ಲ. ನನ್ ಮಗ ಉಳುದ್ನಲ್ಲ ಅಂತ ನಂಗೆ ಸಂತೋಷ ಆಯ್ತು ಕಣ್ಲಾ. ಆ ಸಂತೋಷ ನೆನುಸ್ಕಂಡ್ರೆ ಅವ್ಳ ಮುಖ ನೋಡೋಕೆ ಇವತ್ಗೂ ಆಗಕಿಲ್ಲ ನಂಗೆ. ಆ ಮಾತ್ನ ಅಂಗಳದಲ್ಲಿ ಎಲ್ರ ಮುಂದೆ ಎಂಗ್ ಎತ್ತಿಸ್ಲಿ?"

ಬೆಟ್ಟಮ್ಮನ ಬಾಯಿ ಕೂಡ ಆ ದಿನಗಳಲ್ಲಿ ಸ್ವಲ್ಪ ತಗ್ಗಿತು. ಒಂದು ಸಂಜೆ ಇಬ್ಬರೂ ರಾಗಿ ಬೀಸುತ್ತಿದ್ದಾಗ, "ಎಂಗಿತ್ತು ಮಂಚವ್ವ ನಿನ್ ಕೂಸು?" ಎಂದು ಕೇಳಿದಳಂತೆ. ಮಂಚಮ್ಮ ಗೂಟ ಬಿಡದೆ, "ತಲೆ ತುಂಬ ಕೂದ್ಲಿತ್ತು ಅತ್ತಿಗೆ" ಅಂದಳಂತೆ. ಆಮೇಲೆ ಇಬ್ಬರೂ ಹಿಟ್ಟು ತುಂಬುವ ತನಕ ಬೀಸಿದರಂತೆ. ಇದನ್ನು ಬೆಟ್ಟಮ್ಮನೇ ಬಾವಿಕಟ್ಟೆಯಲ್ಲಿ ನಮಗೆ ಹೇಳಿ, ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಮಾಘದಲ್ಲಿ ಹೆಳವಯ್ಯ ಬಂದ. ಸೋಮಯ್ಯ ಎಂದು ಅವನ ಹೆಸರು. ಎತ್ತಿನ ಕೊರಳ ಗಂಟೆ ಬೀದಿಯ ತುದಿಯಲ್ಲಿ ಕೇಳಿದ್ದೇ ನಾವೆಲ್ಲ ಕೆಂಪಣ್ಣನ ಅಂಗಳಕ್ಕೆ ಸೇರಿದೆವು. ಒಂದು ಕಾಲು ಮಡಿಸಿ ಕಂಬಳಿಯಲ್ಲಿ ಮುಚ್ಚಿಕೊಂಡು, ಕಾಲಿಲ್ಲದವನ ಹಾಗೆ ಕೂತಿದ್ದ. ಕಾಲು ಎರಡೂ ಇವೆ ಎಂದು ಎಲ್ಲರಿಗೂ ಗೊತ್ತು, ಅದು ಅವರ ಕುಲದ ನೇಮ. ಸಂತೆಬಾಚಹಳ್ಳಿಯಿಂದ ಹೆಣ್ಣಿನ ತಂದೆ ಹೊನ್ನಪ್ಪ ಮುಂಚಿನ ದಿನವೇ ಬಂದಿದ್ದ. ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದ್ದರು.

ಸೋಮಯ್ಯ ಬಾಯಿ ತೆರೆಯುವ ಮೊದಲೇ ಚಿಕ್ಕಸ್ವಾಮಿ ಎದುರಿಗೆ ಹೋದ. ಅವನು ಸಾಕಿದ ಕೆಂದ ಕರುವನ್ನು ಹಿಡಿದುಕೊಂಡು ಬಂದಿದ್ದ.

"ಸೋಮಯ್ನೋರೇ, ಈ ಕರ ನಿಮ್ಗೆ. ನಮ್ಮವ್ವನ ಕೂಸಿನ ಮಾತು ಏಳ್ಬೇಕು ನೀವು."

ಸೋಮಯ್ಯ ವಿಷಯ ಕೇಳಿದ. ಕೇಳಿ ತಲೆಯಾಡಿಸಿದ. "ಆಗಕಿಲ್ಲ ಮಗ. ನಮ್ಮಪ್ಪ ಏಳ್ಕೊಟ್ಟಿದ್ದು ಗಂಡ್ ಸಾಲು. ಎಣ್ಮಕ್ಕಳು ಕೊಟ್ಟ ಮನೆಗೆ ಸೇರ್ದೋರು, ಅಲ್ಲಿ ಎಳವ ಏಳ್ಬೇಕು."

"ಅಲ್ಲೂ ಏಳಕಿಲ್ಲ. ಅವ್ರು ಬುಟ್ರು."

"ಬುಟ್ರೆ ನಾನೇನ್ ಮಾಡ್ಲಿ? ಎಳವ ಸಾಲು ತಪ್ಪುಸಿದ್ರೆ ನಾಲ್ಗೆ ಬಿದ್ದೋಗ್ತದೆ."

ಕೆಂಪಣ್ಣ ನೆಲ ನೋಡುತ್ತಿದ್ದ. ಹೊನ್ನಪ್ಪ ಏನು ನಡೆಯುತ್ತಿದೆ ಎಂದು ಪಕ್ಕದವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದ. ಮಂಚಮ್ಮ ಬಾಗಿಲ ಹಿಂದಿನಿಂದ, "ಬುಡು ಮಗ, ಬೇಡ ಬುಡು," ಅನ್ನುತ್ತಿದ್ದಳು.

ಆಗ ಬೈರಮ್ಮ ಕೋಲು ಊರಿಕೊಂಡು ಅಂಗಳಕ್ಕೆ ಇಳಿದಳು. ಆ ನಾಲ್ಕು ವಾರದಲ್ಲಿ ಮುದುಕಿ ಅರ್ಧವಾಗಿದ್ದಳು. ಮೊಮ್ಮಗ ಮಾತು ಬಿಟ್ಟದ್ದು ಅವಳ ಅನ್ನವನ್ನೇ ಕಿತ್ತುಕೊಂಡಿತ್ತು. ಸೋಮಯ್ಯನ ಎತ್ತಿನ ಮುಂದೆ ನಿಂತು ಹೇಳಿದಳು.

"ಸೋಮಯ್ಯ, ನಾಲ್ಗೆ ಬೀಳೋದಾದ್ರೆ ನಂದು ಬೀಳ್ಬೇಕು. ಆ ಕೂಸ್ಗೆ ಆಲು ಬೇಡ ಅಂದೋಳು ನಾನು. ಇದೇ ನಾಲ್ಗೇಲಿ ಅಂದೆ. ಮನೆ ಉಳುಸ್ದೆ ಅಂತ ಇಷ್ಟ್ ವರ್ಷ ಎದೆ ತಟ್ಕಂಡೆ. ನನ್ ಮಗ್ಳೂ ಇದೇ ಮನೆ ಕೂಸು ಅಂತ ನಂಗೆ ಒಳೀನಿಲ್ಲ. ನೀನು ಏಳು. ಪಾಪ ನಂಗಿರ್ಲಿ."

ಜಗಲಿಯ ಮೇಲಿದ್ದ ಹೊನ್ನಪ್ಪ, "ಏಳಿ ಸೋಮಯ್ನೋರೇ, ನಮ್ದೇನ್ ಅಡ್ಡಿ ಇಲ್ಲ," ಅಂದ. ಕೆಂಪಣ್ಣ ಮುಖ ಎತ್ತದೆ ಕೈಮುಗಿದ.

ಸೋಮಯ್ಯ ಕಂಬಳಿ ಸರಿಮಾಡಿಕೊಂಡ. ಒಮ್ಮೆ ಆಕಾಶ ನೋಡಿದ. "ಬಸವಣ್ಣ ಮಾಪು ಮಾಡ್ಲಿ," ಎಂದು ಮೂಲಪುರುಷನಿಂದ ಶುರುಮಾಡಿದ. ಬೆಟ್ಟದ ಬುಡ ಬಿಟ್ಟು ಬಂದವರು, ಹೊಳೆ ದಾಟಿ ಬಂದವರು, ಮುಳ್ಳು ಕಡಿದು ಹೊಲ ಮಾಡಿದವರು ಎಂದು ಹಾಡಿನ ಹಾಗೆ ಹೇಳುತ್ತಾ ಬಂದ. ಒಬ್ಬೊಬ್ಬ ಅಜ್ಜನೂ ಎದ್ದು ಬಂದು ಹೋದ. ಬದುಕಿರುವವರ ಸಾಲಿಗೆ ಬಂದಾಗ ಒಂದು ಪದ್ಧತಿ ಇದೆ. ಹೆಸರು ಕರೆದವರು, ಇದ್ದೇನೆ ಎಂಬರ್ಥದಲ್ಲಿ, "ಇವ್ನಿ" ಅನ್ನಬೇಕು. ಅಂದರೆ ಮಾತ್ರ ಹೆಳವ ಮುಂದಕ್ಕೆ ಹೋಗುವುದು.

"ಬೈರಮ್ಮನ ಮಗ ಕೆಂಪಣ್ಣ."

"ಇವ್ನಿ."

ಸೋಮಯ್ಯ ತಡೆದು, ಉಸಿರು ಎಳೆದುಕೊಂಡು, ಅವನಪ್ಪ ಹೇಳಿಕೊಡದ ಮಾತು ಹೇಳಿದ.

"ಬೈರಮ್ಮನ ಮಗಳು ಮಂಚಮ್ಮ."

ಬೆಟ್ಟಮ್ಮ ಅವಳ ತೋಳು ಹಿಡಿದು ಹೊಸ್ತಿಲಿಗೆ ಕರೆತಂದಳು. "ಇವ್ನಿ," ಅಂದಳು ಮಂಚಮ್ಮ. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಾವು ಕಾಣದಿದ್ದ ಒಂದು ಕಳೆಯೂ ಇತ್ತು. ನಾವು ಹೆಂಗಸರೆಲ್ಲ ಅಳುತ್ತಿದ್ದೆವು.

"ಮಂಚಮ್ಮನ ಮಗಳು," ಅಂದ ಸೋಮಯ್ಯ. ಹಾಗೆಂದು ಅವಳ ಕಡೆ ನೋಡಿದ. "ಎಸ್ರೇನು ತಾಯಿ?"

ಮಂಚಮ್ಮ ತಾಯಿಯ ಕಡೆ ನೋಡಿದಳು. ಬೈರಮ್ಮನಿಗೂ ಗೊತ್ತಿರಲಿಲ್ಲ. ಕೆಂಪಣ್ಣನಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ.

"ಏಳವ್ವ," ಅಂದ ಚಿಕ್ಕಸ್ವಾಮಿ.

"ಮಡಗಿರ್ನಿಲ್ಲ ಕಣಪ್ಪ," ಅಂದಳು.

"ಎಸ್ರೇ ಮಡಗಿರ್ನಿಲ್ವಾ?"

"ನಾಮಕರಣ ಗಂಡನ ಮನೇಲಿ ಅಂತ ಇತ್ತು. ಅಷ್ಟ್ರಲ್ಲಿ ಜ್ವರ ಬಂತು. ಮನ್ಸಲ್ಲಿ ಒಂದ್ ಎಸ್ರು ಅಂದ್ಕಳನಾ ಅಂತ ಇತ್ತು ನಂಗೆ. ಅಂದ್ಕಳ್ನಿಲ್ಲ. ಎಸ್ರಿಟ್ಟು ಕರುದ್ರೆ ತಿರುಗಿ ನೋಡ್ತಿತ್ತು. ತಿರುಗಿ ನೋಡೋ ಕೂಸ್ನ ಎದೆಯಿಂದ ಕಿತ್ತು ಕೆಳುಗ್ ಮಲುಗ್ಸೋಕೆ ಕೈ ಬತ್ತಿರ್ನಿಲ್ಲ. ಇವ್ನ ಎತ್ಕಳ್ಬೇಕಾಗಿತ್ತಲ್ಲ. ಅದ್ಕೇ ಕರೀನಿಲ್ಲ."

ಬೆಟ್ಟಮ್ಮ ಅಳುತ್ತಾ, "ಈಗ್ಲಾದ್ರೂ ಒಂದ್ ಮಡಗು ಮಂಚವ್ವ. ನಿಂಗ್ ಇಷ್ಟ ಬಂದುದ್ದು ಮಡಗು," ಅಂದಳು.

"ಯಾರ್ಗೆ ಮಡಗ್ಲಿ ಅತ್ತಿಗೆ?"

ಸೋಮಯ್ಯ ಎತ್ತಿನ ಬೆನ್ನಿನಿಂದ ಕೆಳಗಿಳಿದ. ಹೆಳವ ಅಂಗಳದಲ್ಲಿ ಎರಡು ಕಾಲಿನ ಮೇಲೆ ನಿಂತದ್ದನ್ನು ನಾವು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಮಂಚಮ್ಮನ ಹತ್ತಿರ ಹೋಗಿ ಮೆತ್ತಗೆ ಹೇಳಿದ.

"ಎಸ್ರಿಲ್ದೆ ಬಾಯ್ನಲ್ಲಿ ನಿಲ್ಲಕಿಲ್ಲ ತಾಯಿ. ನಾನು ಏಳುದ್ರೂ ನನ್ ಮಗುನ್ಗೆ ನೆಪ್ಪಿರಕಿಲ್ಲ."

"ಗೊತ್ತಾಯ್ತು," ಅಂದಳು ಮಂಚಮ್ಮ. "ನೀವ್ ಮುಂದ್ಕೆ ಏಳಿ. ಬೀಗರು ಕಾಯ್ತಾವ್ರೆ."

ಸೋಮಯ್ಯ ಎತ್ತಿನ ಪಕ್ಕಕ್ಕೆ ಬಂದು ನಿಂತ. ಮತ್ತೆ ಹತ್ತಲಿಲ್ಲ. ದನಿ ಮೊದಲಿನ ಹಾಗಿರಲಿಲ್ಲ.

"ಕೆಂಪಣ್ಣನ ಮಗ ಚಿಕ್ಕಸ್ವಾಮಿ."

ಚಿಕ್ಕಸ್ವಾಮಿ ಕರುವಿನ ಹಗ್ಗ ಹಿಡಿದು ನಿಂತಿದ್ದ. ಅವನ ಬಾಯಿಂದ ಮಾತು ಹೊರಡಲಿಲ್ಲ. ಸೋಮಯ್ಯ ಇನ್ನೊಮ್ಮೆ ಕರೆದ. ಕೆಂಪಣ್ಣ ಮಗನ ಭುಜ ಮುಟ್ಟಿದ. ಆ ಒಂದು ಮಾತು ಅಂದರೆ ಏನನ್ನು ಒಪ್ಪಿಕೊಂಡ ಹಾಗೆ ಎಂದು ಅವನಿಗೆ ಗೊತ್ತಿತ್ತು. ಸೋಮಯ್ಯ ಕಾಯುತ್ತಾ ನಿಂತ.

ಮಂಚಮ್ಮ ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದಳು. ಚಿಕ್ಕಸ್ವಾಮಿಯ ಪಕ್ಕದಲ್ಲಿ ಹೋಗಿ ನಿಂತು, ಸೆರಗಿನಿಂದ ಅವನ ಮುಖ ಒರೆಸಿದಳು. ಆಮೇಲೆ ಹೆಳವನ ಕಡೆ ತಿರುಗಿ ಅಂದಳು.

"ಅವ್ನೆ ಕಣಪ್ಪ. ಇಲ್ಲೇ ಅವ್ನೆ, ನನ್ ಮಗ."